ಭಿನ್ನಮತದ ಹಿತೈಷಿಗೊಂದು ವಂದನೆ

ನಮ್ಮ ಚಿಕಿತ್ಸಾಲಯಕ್ಕೆ ಬರುವ ರೋಗಿಗಳಲ್ಲಿ ಅನೇಕರು ಒಂದು ಮಾತನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಾರೆ. "ನಾವು ಇಲ್ಲಿಗೆ ಬಂದದ್ದು ಆ ಡಾಕ್ಟರಿಗೆ ಗೊತ್ತಾಗುವುದು ಬೇಡ" ಎಂಬುದೇ ಆ ಮಾತು. ಆ ಡಾಕ್ಟರರ ಎದುರಿನಲ್ಲಿ ನಮ್ಮ ಹೆಸರಿಗೂ ಇದೇ ಗತಿಯೆಂಬುದನ್ನು ನಾವು ಬಲ್ಲೆವು. ಹೀಗೆ ಒಂದೇ ಶರೀರಕ್ಕೆ ಎರಡು ಕಡೆಗಳಿಂದ ಔಷಧಗಳು ಸೇರುತ್ತಿರುತ್ತವೆ. ಎರಡನ್ನೂ ತಿಳಿದಿರುವವನು ರೋಗಿಯೊಬ್ಬನೇ. ಅವನಿಗೋ, ಯಾವ ಔಷಧವು ಯಾವುದರೊಡನೆ ಹೊಂದುತ್ತದೆ, ಯಾವುದರೊಡನೆ ಹೊಂದುವುದಿಲ್ಲ ಎಂಬ ಅರಿವಿರುವುದಿಲ್ಲ. 38 ವರ್ಷಗಳ ವೃತ್ತಿಯಲ್ಲಿ ನಾವು ಕಂಡ ಅಪಾಯಗಳಲ್ಲಿ ಔಷಧದ ದೋಷದಿಂದ ಆದವುಗಳಿಗಿಂತ ಈ ಮುಚ್ಚುಮರೆಯಿಂದ ಆದವುಗಳೇ ಹೆಚ್ಚೆಂದು ತೋರುತ್ತದೆ.

ಆದುದರಿಂದ ಈ ತಿಂಗಳು ಯಾವುದೇ ರೋಗದ ನಿದಾನ-ಚಿಕಿತ್ಸೆಗಳನ್ನು ಬರೆಯದೆ ಈ ಮುಚ್ಚುಮರೆಯ ವಿಚಾರವನ್ನೇ ಎತ್ತಿಕೊಂಡಿದ್ದೇವೆ. ಇದರೊಡನೆ, ಬಹುದಿನಗಳಿಂದ ಸಲ್ಲಿಸಬೇಕೆಂದುಕೊಂಡಿದ್ದ ಕೃತಜ್ಞತೆಯೊಂದನ್ನು ಭಕ್ತಬಂಧುಗಳೆಲ್ಲರ ಸಮಕ್ಷಮದಲ್ಲಿ ಸಲ್ಲಿಸಲು ಬಯಸುತ್ತೇವೆ.

ಆ ಮಹನೀಯರು ಆಧುನಿಕ ವೈದ್ಯಪದ್ಧತಿಯಲ್ಲಿ ಎಂ.ಡಿ. ಪದವಿ ಪಡೆದವರು. ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಬೇರೊಂದು ಜಿಲ್ಲೆಯಲ್ಲಿ ಚಿಕ್ಕದೊಂದು ಚಿಕಿತ್ಸಾಲಯವನ್ನು ನಡೆಸುತ್ತಿದ್ದಾರೆ. ಶ್ರೀಮಠದ ಭಕ್ತರೊಬ್ಬರ ಮನೆಯಲ್ಲಿ ಈ ಪತ್ರಿಕೆಯು ಅವರ ಕಣ್ಣಿಗೆ ಬಿದ್ದಿತಂತೆ. ನಮ್ಮ ಲೇಖನವೊಂದನ್ನು ಓದಿ, ನಾಲ್ಕು ಪುಟಗಳ ಆಕ್ಷೇಪವನ್ನು ಸ್ವಹಸ್ತದಿಂದ ಬರೆದು ಸಂಪಾದಕರ ಮೂಲಕ ಕಳುಹಿಸಿದರು. ಅದಕ್ಕೆ ನಾವು ಉತ್ತರಿಸಿದೆವು. ನಮ್ಮ ಉತ್ತರಕ್ಕೆ ಅವರ ಪ್ರತ್ಯುತ್ತರ ಬಂದಿತು. ಇದು 9 ವರ್ಷಗಳಿಂದ ನಡೆದುಬಂದಿದೆ. ಮೊದಲು ಅಂಚೆಯಲ್ಲಿ, ಬಳಿಕ ದೂರವಾಣಿಯಲ್ಲಿ. ಇಂದಿನವರೆಗೂ ನಾವು ಪರಸ್ಪರ ಮುಖ ಕಂಡವರಲ್ಲ. ಹೆಸರನ್ನು ಅಚ್ಚು ಮಾಡಕೂಡದೆಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ 'ಮಿತ್ರರು' ಎಂದಷ್ಟೇ ಕರೆಯುತ್ತೇವೆ.

ನಮ್ಮಿಬ್ಬರ ನಡುವಿನ ಭೇದವು ಚಿಕ್ಕದಲ್ಲ. ಯಾವುದೇ ಔಷಧವನ್ನು ನೂರಾರು ರೋಗಿಗಳಲ್ಲಿ, ಔಷಧವಿಲ್ಲದವರೊಡನೆ ಹೋಲಿಸಿ ಪರೀಕ್ಷಿಸಿದ ಹೊರತು ಅದರ ಗುಣವನ್ನು ಒಪ್ಪಲಾಗದೆಂಬುದು ಅವರ ನಿಲುವು. ವಾತ, ಪಿತ್ತ, ಕಫಗಳನ್ನು ಅವರು ಪ್ರಾಚೀನರ ಒಂದು ಕಲ್ಪನೆಯೆಂದು ಗೌರವಿಸುತ್ತಾರೆಯೇ ಹೊರತು ಶರೀರದ ವಾಸ್ತವವೆಂದು ಅಂಗೀಕರಿಸುವುದಿಲ್ಲ. ಲೋಹಭಸ್ಮಗಳ ಪ್ರಸ್ತಾಪವಾದೊಡನೆ ಅವರ ದನಿ ಗಡುಸಾಗುತ್ತದೆ. ನಮ್ಮ ನಿಲುವು ಬೇರೆ. ಒಂದೇ ರೋಗಕ್ಕೆ ಇಬ್ಬರು ರೋಗಿಗಳಲ್ಲಿ ಪ್ರಕೃತಿ, ಅಗ್ನಿಬಲ, ವಯಸ್ಸು, ಋತುಗಳಿಗೆ ಅನುಸಾರವಾಗಿ ಬೇರೆ ಬೇರೆ ಚಿಕಿತ್ಸೆಯನ್ನು ಯೋಜಿಸುವ ಪದ್ಧತಿಯನ್ನು, ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟು ಎಣಿಸುವ ಪರೀಕ್ಷೆಯಿಂದ ಪೂರ್ಣವಾಗಿ ಅಳೆಯಲಾಗದು ಎಂದು ನಾವು ತಿಳಿದಿದ್ದೇವೆ. ಅವರು ಅವರ ನಿಲುವಿನಿಂದ ಒಂದಂಗುಲವೂ ಕದಲಿಲ್ಲ, ನಾವೂ ಕದಲಿಲ್ಲ. ಆದರೂ ಈ 9 ವರ್ಷಗಳಲ್ಲಿ ಅವರ ಲೇಖನಿಯಿಂದಾಗಲಿ ಬಾಯಿಂದಾಗಲಿ ನಮ್ಮನ್ನು ನೋಯಿಸುವ ಒಂದು ಪದವೂ ಬಂದುದಿಲ್ಲ.

ಇಂತಹ ಸಂವಾದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಹೆಸರಿದೆ. ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ವೈದ್ಯನು ಜ್ಞಾನವನ್ನು ಗಳಿಸುವ ಉಪಾಯಗಳು ಮೂರೆಂದು ಹೇಳಿದೆ. ಅಧ್ಯಯನ ಒಂದು, ಅಧ್ಯಾಪನ ಇನ್ನೊಂದು, ಅದೇ ವಿದ್ಯೆಯನ್ನು ಬಲ್ಲವರೊಡನೆ ನಡೆಸುವ ಸಂಭಾಷೆಯು ಮೂರನೆಯದು. ಈ ಸಂಭಾಷೆಯು ಎರಡು ವಿಧ. ಗೆಲ್ಲುವ ಹಟದಿಂದ ನಡೆಯುವುದು ವಿಗೃಹ್ಯ ಸಂಭಾಷೆ. ಸ್ನೇಹದಿಂದ ಕೂಡಿ ನಡೆಯುವುದು ಸಂಧಾಯ ಸಂಭಾಷೆ. ಎರಡನೆಯದಕ್ಕೆ ಎಂತಹವನನ್ನು ಆರಿಸಿಕೊಳ್ಳಬೇಕೆಂಬುದನ್ನೂ ಆಚಾರ್ಯರು ಹೇಳಿದ್ದಾರೆ: ಅವನು ಜ್ಞಾನಿಯಾಗಿರಬೇಕು, ಕೋಪವಿಲ್ಲದವನಾಗಿರಬೇಕು, ಕಷ್ಟಸಹಿಷ್ಣುವಾಗಿರಬೇಕು, ಮಧುರವಾಗಿ ಮಾತನಾಡುವವನಾಗಿರಬೇಕು. ಅಂತಹವನೊಡನೆ ಶಂಕೆಯಿಲ್ಲದೆ ಮಾತನಾಡಬೇಕು, ಶಂಕೆಯಿಲ್ಲದೆ ಕೇಳಬೇಕು. ಸೋಲಿನ ಭಯದಿಂದ ಕಳವಳಪಡಬಾರದು. ಎದುರಿನವನು ಸೋತರೆ ಹಿಗ್ಗಬಾರದು, ಪರರ ಮುಂದೆ ಅದನ್ನು ಹೇಳಿಕೊಂಡು ಮೆರೆಯಲೂಬಾರದು. ವಿಗೃಹ್ಯ ಸಂಭಾಷೆಯ ವರಸೆಗಳನ್ನೂ ಅದೇ ಅಧ್ಯಾಯವು ಸಾಕಷ್ಟು ವಿಸ್ತಾರವಾಗಿ ಕಲಿಸುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ. ಆಚಾರ್ಯರು ಲೋಕವನ್ನು ಬಲ್ಲವರು. ಆದರೆ ಸಜ್ಜನರ ಸಭೆಯಲ್ಲಿ ಕಲಹವನ್ನು ಬಲ್ಲವರು ಮೆಚ್ಚುವುದಿಲ್ಲವೆಂದು ಅಲ್ಲಿಯೇ ಎಚ್ಚರಿಸಿದ್ದಾರೆ. ಹಿತವಾದ ಮಾತು ಶತ್ರುವಿನ ಬಾಯಿಂದ ಬಂದರೂ ಕೇಳಿ ನಡೆಯಬೇಕೆಂಬ ಉಪದೇಶವೂ ಆ ಅಧ್ಯಾಯದ್ದೇ.

ಇದು ಬರಿಯ ಉಪದೇಶವಾಗಿ ಉಳಿದುದಲ್ಲ. ಸೂತ್ರಸ್ಥಾನದ 26ನೆಯ ಅಧ್ಯಾಯವನ್ನು ನೋಡೋಣ. ಚೈತ್ರರಥವೆಂಬ ವನದಲ್ಲಿ ಋಷಿಗಳೂ ವೈದ್ಯರೂ ಸೇರಿ ರಸಗಳು ಎಷ್ಟೆಂಬುದನ್ನು ಚರ್ಚಿಸುತ್ತಾರೆ. ಭದ್ರಕಾಪ್ಯನು ರಸವು ಒಂದೇ ಎನ್ನುತ್ತಾನೆ. ಶಾಕುಂತೇಯನು ಎರಡೆಂದೂ, ಮೌದ್ಗಲ್ಯನು ಮೂರೆಂದೂ, ಕೌಶಿಕನು ನಾಲ್ಕೆಂದೂ, ಭರದ್ವಾಜನು ಐದೆಂದೂ, ವಾರ್ಯೋವಿದನು ಆರೆಂದೂ, ವಿದೇಹದ ನಿಮಿಯು ಏಳೆಂದೂ, ಬಡಿಶನು ಎಂಟೆಂದೂ ವಾದಿಸುತ್ತಾರೆ. ಕೊನೆಗೆ ಕಾಂಕಾಯನನು ರಸಗಳಿಗೆ ಲೆಕ್ಕವೇ ಇಲ್ಲವೆನ್ನುತ್ತಾನೆ. ಭಗವಾನ್ ಆತ್ರೇಯರು ಎಲ್ಲವನ್ನೂ ಕೇಳಿ ರಸಗಳು ಆರೇ ಎಂದು ನಿರ್ಣಯಿಸುತ್ತಾರೆ; ಇಂದಿಗೂ ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯವೆಂದು ನಾವು ಎಣಿಸುವುದು ಆ ನಿರ್ಣಯದಂತೆಯೇ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ತಿರಸ್ಕೃತವಾದ ಮತಗಳನ್ನು ಗ್ರಂಥಕಾರರು ಬಿಟ್ಟುಬಿಡಬಹುದಾಗಿತ್ತು. ನಿರ್ಣಯವೊಂದನ್ನೇ ಬರೆದಿದ್ದರೂ ವೈದ್ಯನ ಕೆಲಸವು ನಡೆಯುತ್ತಿತ್ತು. ಹಾಗೆ ಮಾಡದೆ ಒಪ್ಪದವರ ಹೆಸರು, ಅವರ ವಾದ, ವಾದಕ್ಕೆ ಅವರು ಕೊಟ್ಟ ಕಾರಣ ಎಲ್ಲವನ್ನೂ ಉಳಿಸಿದ್ದಾರೆ. ಕಾಂಕಾಯನನಂತೂ ಬಾಹ್ಲೀಕ ದೇಶದವನು, ಎಂದರೆ ಇಂದಿನ ಅಫ್ಘಾನಿಸ್ತಾನದ ಉತ್ತರ ಭಾಗದ ಬಲ್ಖ್ ಸೀಮೆಯಿಂದ ಬಂದ ಪರದೇಶದ ವೈದ್ಯ. ಅವನ ಮತವನ್ನು ಆತ್ರೇಯರು ಒಪ್ಪಲಿಲ್ಲ. ಆದರೂ ಅವನನ್ನು ಬಾಹ್ಲೀಕ ವೈದ್ಯರಲ್ಲಿ ಶ್ರೇಷ್ಠನೆಂದು ಸಂಹಿತೆಯು ಕರೆಯುತ್ತದೆ. ಗರ್ಭದಲ್ಲಿ ಮೊದಲು ಯಾವ ಅಂಗವು ರೂಪುಗೊಳ್ಳುತ್ತದೆಂಬ ಶಾರೀರಸ್ಥಾನದ ಚರ್ಚೆಯಲ್ಲಿಯೂ ಇದೇ ಔದಾರ್ಯವಿದೆ. ಒಬ್ಬರು ಶಿರಸ್ಸೆಂದರೆ ಇನ್ನೊಬ್ಬರು ಹೃದಯವೆನ್ನುತ್ತಾರೆ, ಮತ್ತೊಬ್ಬರು ನಾಭಿಯೆನ್ನುತ್ತಾರೆ. ಎಲ್ಲ ಅಂಗಗಳೂ ಒಟ್ಟಿಗೇ ಆರಂಭವಾಗುತ್ತವೆಂಬ ಧನ್ವಂತರಿಯ ಮತವನ್ನು ಆತ್ರೇಯರು ಒಪ್ಪಿಕೊಳ್ಳುತ್ತಾರೆ. ಧನ್ವಂತರಿಯ ಸಂಪ್ರದಾಯವು ಶಸ್ತ್ರಚಿಕಿತ್ಸಕರದು, ಆತ್ರೇಯರದು ಕಾಯಚಿಕಿತ್ಸಕರದು. ಗುಲ್ಮವು ಪಕ್ವವಾಗಿ ಶಸ್ತ್ರವು ಬೇಕಾದಾಗ ಅಲ್ಲಿ ಧಾನ್ವಂತರೀಯರಿಗೇ ಅಧಿಕಾರವೆಂದು ಚಿಕಿತ್ಸಾಸ್ಥಾನದಲ್ಲಿ ಹೇಳಿ, ರೋಗಿಯನ್ನು ಆ ಪಂಥಕ್ಕೆ ಒಪ್ಪಿಸಿದ್ದಾರೆ. 'ರೆಫರ್ ಮಾಡುವುದು' ಎಂದು ಇಂದಿನವರು ಹೇಳುವ ಪದ್ಧತಿಯು ನಮಗೆ ಹೊಸತಲ್ಲ.

ತಮ್ಮ ಪಕ್ಷವನ್ನೇ ಹಿಡಿದು ವಾದ-ಪ್ರತಿವಾದಗಳಲ್ಲಿ ಮುಳುಗಿದವರನ್ನು ಆತ್ರೇಯರು ಎಳ್ಳಿನ ಗಾಣವನ್ನು ತಿರುಗಿಸುವವನಿಗೆ ಹೋಲಿಸಿದ್ದಾರೆ. ದಿನವೆಲ್ಲ ನಡೆದರೂ ಎಲ್ಲಿಗೂ ತಲುಪುವುದಿಲ್ಲ. ಗಾಣವನ್ನು ಕಂಡ ನಮ್ಮ ಪೀಳಿಗೆಯವರಿಗೆ ಇದು ಕೂಡಲೇ ಅರ್ಥವಾದೀತು. ಮೊಮ್ಮಕ್ಕಳಿಗೆ ಹಿರಿಯರು ವಿವರಿಸಬೇಕಾದೀತು.

ಇನ್ನು ಮಿತ್ರರ ಸೌಜನ್ಯವು ರೋಗಿಯೊಬ್ಬನಿಗೆ ಹೇಗೆ ಒದಗಿತೆಂಬುದನ್ನು ಹೇಳುತ್ತೇವೆ. ಎರಡು ವರ್ಷಗಳ ಹಿಂದೆ ವಯಸ್ಸಾದ ರೈತರೊಬ್ಬರು ಅವರಲ್ಲಿಗೆ ಹೋದರು. ರಕ್ತದೊತ್ತಡಕ್ಕಾಗಿ ಬೇರೆ ವೈದ್ಯರು ಕೊಟ್ಟಿದ್ದ, ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ಅವರು ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಆದರೂ ಒತ್ತಡವು ಇಳಿದಿರಲಿಲ್ಲ. ಇದರ ಮೇಲೆ ಕಾಲುಗಳಲ್ಲಿ ಬಲವಿಲ್ಲ, ಮೆಟ್ಟಿಲು ಹತ್ತಲಾಗದು, ಎದೆ ಬಡಿತವು ಆಗಾಗ ತಪ್ಪುತ್ತದೆ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಅಂಶವು 3ಕ್ಕಿಂತ ಕೆಳಗಿಳಿದಿತ್ತು, ಅದು 3.5ರಿಂದ 5ರ ನಡುವೆ ಇರಬೇಕು. ಮಾತ್ರೆಯಿಂದಲೇ ಇಷ್ಟು ಇಳಿಯುವುದು ಸಹಜವಲ್ಲವೆಂದು ಮಿತ್ರರಿಗೆ ಅನಿಸಿತು. ಇಲ್ಲಿ ಬಹಳ ಮಂದಿ ವೈದ್ಯರು, "ಏನೇನೋ ಬೇರು-ನಾರು ತಿಂದು ಬಂದಿದ್ದೀಯಾ?" ಎಂದು ಗದರುತ್ತಿದ್ದರು. ಗದರಿದರೆ ಬರುವ ಉತ್ತರ ಒಂದೇ: "ಏನೂ ಇಲ್ಲ ಸಾಹೇಬರೇ."

ಮಿತ್ರರು ಕೇಳಿದ ರೀತಿಯೇ ಬೇರೆ. "ಯಜಮಾನರೇ, ಊರಿನಲ್ಲಿ ಪಂಡಿತರ ಔಷಧಿ ಏನಾದರೂ ನಡೆದಿದೆಯೇ? ನಡೆದಿದ್ದರೆ ಹೇಳಿರಿ, ಅದಕ್ಕೆ ಹೊಂದುವಂತೆ ನನ್ನ ಔಷಧಿಯನ್ನು ಬರೆಯುತ್ತೇನೆ" ಎಂದರಂತೆ. ಆ ಹಿರಿಯರು ಚೀಲದಿಂದ ಪುಡಿಯ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಜ್ಯೇಷ್ಠಮಧುವಿನ ಚೂರ್ಣ. ಕೆಮ್ಮಿಗೂ ಎದೆಯುರಿಗೂ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ, ಅಂಗಡಿಯಿಂದ ತಾವೇ ತಂದು ದಿನಕ್ಕೆರಡು ಚಮಚದಂತೆ ತಿಂಗಳುಗಟ್ಟಲೆ ಸೇವಿಸಿದ್ದರು. ಯಾವ ವೈದ್ಯರೂ ಅದನ್ನು ಕೊಟ್ಟಿರಲಿಲ್ಲ.

ಜ್ಯೇಷ್ಠಮಧು, ಎಂದರೆ ಯಷ್ಟಿಮಧು ಅಥವಾ ಅತಿಮಧುರ, ನಮ್ಮ ಶಾಸ್ತ್ರದ ಉತ್ತಮ ದ್ರವ್ಯಗಳಲ್ಲೊಂದು. ಕಂಠಕ್ಕೆ, ವ್ರಣಕ್ಕೆ, ಪಿತ್ತಶಮನಕ್ಕೆ ಅದರ ಉಪಯೋಗವು ನಿಸ್ಸಂದೇಹವಾದುದು. ಆದರೆ ಅದರಲ್ಲಿರುವ ಗ್ಲೈಸಿರೈಝಿನ್ ಎಂಬ ಸಿಹಿಯ ಅಂಶವು ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಸೇರಿದರೆ ಮೂತ್ರಪಿಂಡಗಳಲ್ಲಿ ಕಾರ್ಟಿಸಾಲ್ ಎಂಬ ರಸದೂತವು ನಿಷ್ಕ್ರಿಯಗೊಳ್ಳದಂತೆ ತಡೆಯುತ್ತದೆ. ಆಗ ಶರೀರವು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಮ್ಮನ್ನು ಹೊರಹಾಕುತ್ತದೆ, ರಕ್ತದೊತ್ತಡವು ಏರುತ್ತದೆ. ಮೂತ್ರದ ಮಾತ್ರೆಯೂ ಪೊಟ್ಯಾಸಿಯಮ್ಮನ್ನೇ ಹೊರಗೆ ಕಳುಹಿಸುವಂತಹದು. ಎರಡೂ ಕೂಡಿದಾಗ ಸ್ನಾಯುಗಳು ಸೋಲುತ್ತವೆ, ಹೃದಯದ ಲಯವು ತಪ್ಪುತ್ತದೆ. ಪ್ರಾಣಕ್ಕೂ ಕುತ್ತು ಬರಬಹುದು. ಆರು ರಸಗಳನ್ನು ನಿರ್ಣಯಿಸಿದ ಅದೇ 26ನೆಯ ಅಧ್ಯಾಯದಲ್ಲಿ ಮಧುರರಸದ ಅತಿಸೇವನೆಯಿಂದ ಶರೀರಕ್ಕೆ ಭಾರ, ಆಲಸ್ಯ, ಅಗ್ನಿಮಾಂದ್ಯ ಮೊದಲಾದುವು ಬರುತ್ತವೆಂದು ಎಣಿಸಿರುವುದನ್ನು ಇಲ್ಲಿ ನೆನೆಯಬಹುದು. ಮಾತ್ರೆಯನ್ನು, ಎಂದರೆ ಪ್ರಮಾಣವನ್ನು, ಮೀರಿದರೆ ಅಮೃತವೂ ಹಿತವಲ್ಲವೆಂಬುದು ಆಯುರ್ವೇದಕ್ಕೆ ಹೊರಗಿನವರು ಹೇಳಿಕೊಡಬೇಕಾದ ಮಾತಲ್ಲ.

ಮಿತ್ರರು ಚೂರ್ಣವನ್ನು ನಿಲ್ಲಿಸಿ, ಪೊಟ್ಯಾಸಿಯಂ ಕೊಟ್ಟು, ಕೆಲವು ವಾರಗಳಲ್ಲಿ ಹಿರಿಯರನ್ನು ಸರಿಪಡಿಸಿದರು. ಆ ರಾತ್ರಿಯೇ ನಮಗೆ ದೂರವಾಣಿ ಮಾಡಿದರು. ನಮ್ಮ ಶಾಸ್ತ್ರವನ್ನು ಹಳಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಅವರಿಗೆ ಸಿಕ್ಕುತ್ತಿರಲಿಲ್ಲ. ಅವರು ಹೇಳಿದ್ದು ಇಷ್ಟೇ: "ವೈದ್ಯರೇ, ನಿಮ್ಮವರು ಇದನ್ನು ಯಾವ ಪ್ರಮಾಣದಲ್ಲಿ, ಎಷ್ಟು ದಿನ ಕೊಡುತ್ತೀರಿ? ನಾನು ತಿಳಿದುಕೊಳ್ಳಬೇಕು." ಒಂದು ಗಂಟೆಯ ಕಾಲ ಮಾತನಾಡಿದೆವು. ಕೊನೆಗೆ, ಬಿ.ಪಿ. ಇರುವವರು ಇದನ್ನು ತಾವಾಗಿ ಸೇವಿಸಬಾರದೆಂದು ನಿಮ್ಮ ಪತ್ರಿಕೆಯಲ್ಲಿ ಬರೆಯಿರಿ, ನಾನು ಹೇಳಿದರೆ ದ್ವೇಷವೆಂದುಕೊಳ್ಳುವರು, ನೀವು ಹೇಳಿದರೆ ಕೇಳುವರು ಎಂದರು. ಈಗ ಬರೆದಿದ್ದೇವೆ. ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ರೋಗ ಇರುವ ಭಕ್ತರು ಜ್ಯೇಷ್ಠಮಧುವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಭಿನ್ನಮತೀಯರನ್ನು ಬಹಿರಂಗವಾಗಿ ವಂದಿಸಿದರೆ ನಮ್ಮ ಮತವನ್ನೇ ಬಿಟ್ಟುಕೊಟ್ಟಂತಾಗುವುದಿಲ್ಲವೇ ಎಂದು ನಮ್ಮ ಸಹವೃತ್ತಿಗಳು ಕೆಲವರು ಕೇಳಿದ್ದಾರೆ. ಈ ಪ್ರಶ್ನೆಗೆ ನೂರು ವರ್ಷಗಳ ಹಿಂದಿನ ಒಂದು ಪ್ರಸಂಗವು ಉತ್ತರಿಸುತ್ತದೆಂದು ನಮ್ಮ ಭಾವನೆ.

ಮಹಾತ್ಮ ಗಾಂಧೀಜಿಯವರು 1909ರಲ್ಲಿ ಬರೆದ 'ಹಿಂದ್ ಸ್ವರಾಜ್' ಗ್ರಂಥದಲ್ಲಿ ಪಾಶ್ಚಾತ್ಯ ವೈದ್ಯರನ್ನೂ ಆಸ್ಪತ್ರೆಗಳನ್ನೂ ಅತ್ಯಂತ ಕಟುವಾಗಿ ಟೀಕಿಸಿದ್ದರು. ಔಷಧವು ಮನುಷ್ಯನ ಅಸಂಯಮಕ್ಕೆ ಆಶ್ರಯ ಕೊಡುತ್ತದೆಂಬುದು ಅವರ ವಾದವಾಗಿತ್ತು. 1922ರ ಮಾರ್ಚಿಯಲ್ಲಿ 6 ವರ್ಷಗಳ ಶಿಕ್ಷೆಗೆ ಗುರಿಯಾಗಿ ಅವರು ಯರವಡಾ ಸೆರೆಮನೆಯನ್ನು ಸೇರಿದರು. 1924ರ ಜನವರಿಯಲ್ಲಿ ಅವರಿಗೆ ಹೊಟ್ಟೆಯ ತೀವ್ರ ನೋವು ಬಂದಿತು. ಅಪೆಂಡಿಸೈಟಿಸ್ ಎಂದು ತಿಳಿಯಿತು. ಜನವರಿ 12ರಂದು ಪುಣೆಯ ಸಸೂನ್ ಆಸ್ಪತ್ರೆಗೆ ಸಾಗಿಸಿದರು. ಅವರಿಗೆ ಪರಿಚಿತರಾದ ಮುಂಬಯಿಯ ವೈದ್ಯರನ್ನು ಕರೆಸಲು ಅವಕಾಶವಿತ್ತು. ಆದರೆ ಅವರು ಬಂದು ಸೇರುವವರೆಗೆ ಕಾಯುವ ಸ್ಥಿತಿ ಇರಲಿಲ್ಲ. ಆ ರಾತ್ರಿಯೇ ಆಂಗ್ಲ ಶಸ್ತ್ರವೈದ್ಯರಾದ ಕರ್ನಲ್ ಮ್ಯಾಡಕ್ ಶಸ್ತ್ರಕ್ರಿಯೆಗೆ ನಿಂತರು. ನಡುವೆ ವಿದ್ಯುದ್ದೀಪವು ನಂದಿಹೋಗಿ, ಲಾಟೀನಿನ ಬೆಳಕಿನಲ್ಲಿ ಕ್ರಿಯೆಯನ್ನು ಮುಗಿಸಬೇಕಾಯಿತು.

ಅದಕ್ಕೆ ಮೊದಲು ಗಾಂಧೀಜಿಯವರು ಕರೆಸಿಕೊಂಡವರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳೊಬ್ಬರು. ಶಾಸ್ತ್ರಿಗಳು ಉದಾರಪಕ್ಷದವರು, ಅಸಹಕಾರ ಚಳವಳಿಯನ್ನು ಬಹಿರಂಗವಾಗಿ ವಿರೋಧಿಸಿದವರು. ಅಂತಹವರು ಹಾಸಿಗೆಯ ಬಳಿ ಕುಳಿತು ಹೇಳಿಕೆಯೊಂದನ್ನು ಸಿದ್ಧಪಡಿಸಿದರು. ಕರ್ನಲ್ ಮ್ಯಾಡಕ್ ಮತ್ತು ಇತರ ವೈದ್ಯರು ತಮ್ಮನ್ನು ಆದರದಿಂದ ನೋಡಿಕೊಂಡಿದ್ದಾರೆ, ಅವರಲ್ಲಿ ತಮಗೆ ಪೂರ್ಣ ವಿಶ್ವಾಸವಿದೆ ಎಂಬುದು ಅದರ ಸಾರ. ಗಾಂಧೀಜಿಯವರು ಪೆನ್ಸಿಲಿನಿಂದ ಸಹಿ ಹಾಕುವಾಗ ಕೈ ನಡುಗುತ್ತಿತ್ತು. ಪ್ರಜೆಗಳಿಗೆ ಏನಾದರೂ ಸಂದೇಶವಿದೆಯೇ ಎಂದು ಶಾಸ್ತ್ರಿಗಳು ಕೇಳಿದರು. ಸರ್ಕಾರದೊಡನೆ ತಮ್ಮ ಜಗಳವು ಅದರ ಕಾರಣಗಳು ಇರುವವರೆಗೂ ಇದ್ದೇ ಇರುತ್ತದೆಂದು ಅವರು ಆಗಲೂ ಹೇಳಿದರು. ಫೆಬ್ರವರಿ 5ರಂದು ಸರ್ಕಾರವು ಅವರನ್ನು ಬಿಡುಗಡೆ ಮಾಡಿತು. ಮ್ಯಾಡಕ್ ಅವರ ಉಪಕಾರವನ್ನು ಗಾಂಧೀಜಿಯವರು ಬಹಿರಂಗವಾಗಿಯೇ ಸ್ಮರಿಸಿದರು. ಆದರೆ ವೈದ್ಯರ ಬಗೆಗಿನ ತಮ್ಮ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಲಿಲ್ಲ. ದೇಹದ ಮೇಲಿನ ಆಸೆಯಿಂದ ಶಸ್ತ್ರಕ್ರಿಯೆಗೆ ಒಪ್ಪಿದೆನೆಂದು ಕೇಳಿದವರಿಗೆ ಹೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಯನ್ನು ವಹಿಸಿದ ಶರೀರವು ಮ್ಯಾಡಕ್ ಉಳಿಸಿಕೊಟ್ಟ ಶರೀರ.

ಇಲ್ಲಿ ವಂದನೆಯೂ ನಿಜ, ಭೇದವೂ ನಿಜ. ಒಂದರಿಂದ ಇನ್ನೊಂದು ಅಳಿಯಲಿಲ್ಲ. ಅಭಿಪ್ರಾಯವು ಬದಲಾಗಿದ್ದರೆ ಆ ವಂದನೆಯು ಪಕ್ಷಾಂತರವೆನಿಸುತ್ತಿತ್ತು, ಅಷ್ಟೇ.

ವೈದ್ಯಕ್ಷೇತ್ರದಲ್ಲಿ ಇನ್ನೊಂದು ವಿಧದ ವಂದನೆಯೂ ಉಂಟು. ದೆಹಲಿಯ ಪ್ರಸಿದ್ಧ ಯುನಾನಿ ವೈದ್ಯರಾದ ಹಕೀಂ ಅಜ್ಮಲ್ ಖಾನರ ಪ್ರೋತ್ಸಾಹದಿಂದ ಜರ್ಮನಿಯಲ್ಲಿ ರಸಾಯನಶಾಸ್ತ್ರವನ್ನು ಕಲಿತ ಸಲೀಮುಜ್ಜಮಾನ್ ಸಿದ್ದೀಕಿಯವರು 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ಸಾರವನ್ನು ಬೇರ್ಪಡಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಅಜ್ಮಲೀನ್'. ಹಕೀಮರು ಆಗ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೃದಯದ ಲಯದ ಪರೀಕ್ಷೆಯಲ್ಲಿ ಆ ದ್ರವ್ಯವನ್ನು ಬಳಸುವ ಹೃದ್ರೋಗ ತಜ್ಞರು ಇಂದಿಗೂ ತಿಳಿದೋ ತಿಳಿಯದೆಯೋ ಒಬ್ಬ ಹಕೀಮರ ಹೆಸರನ್ನು ಉಚ್ಚರಿಸುತ್ತಾರೆ. (ಸರ್ಪಗಂಧವನ್ನು ಯಾರೂ ಸ್ವಂತವಾಗಿ ಸೇವಿಸಬಾರದು; ಒತ್ತಡವನ್ನು ಅತಿಯಾಗಿ ಇಳಿಸಬಲ್ಲದು, ಮನಸ್ಸಿಗೆ ಖಿನ್ನತೆಯನ್ನೂ ತರಬಲ್ಲದು.)

ಮಿತ್ರರಿಗೂ ನಮಗೂ ಅತ್ಯಂತ ಬಿಸಿಯಾದ ವಾದ ನಡೆದದ್ದು ಅಮೃತಬಳ್ಳಿಯ ವಿಷಯದಲ್ಲಿ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿಯೂ ಇದರ ಕಷಾಯ ಕುದಿಯುತ್ತಿದ್ದುದು ಎಲ್ಲರ ನೆನಪಿನಲ್ಲಿದೆ. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು, ಅಮೃತಬಳ್ಳಿಯನ್ನು ಸೇವಿಸುತ್ತಿದ್ದ 6 ಮಂದಿಯಲ್ಲಿ ಯಕೃತ್ತಿಗೆ ಹಾನಿಯಾಗಿದ್ದನ್ನು ಕಂಡು ವರದಿಯನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯವು ಇದನ್ನು ಆಕ್ಷೇಪಿಸಿ, ಅವರು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಎಂಬುದನ್ನು ಸರಿಯಾಗಿ ನಿರ್ಧರಿಸಿಲ್ಲವೆಂದು ಹೇಳಿತು. ನೋಡಲು ಅದರಂತೆಯೇ ಇರುವ ಅದೇ ಕುಲದ ಬೇರೆ ಬಳ್ಳಿಯೂ ಉಂಟೆಂಬುದು ನಿಜ. ಮಿತ್ರರು ವರದಿಯ ಪಕ್ಷ. ಆರೋಗ್ಯವಂತನಿಗೆ ಪ್ರತಿದಿನ ಏತಕ್ಕೆ ಈ ಕಷಾಯವೆಂಬುದು ಅವರ ಪ್ರಶ್ನೆ. ಶುದ್ಧವಾಗಿ ಗುರುತಿಸಿದ ಬಳ್ಳಿಯನ್ನು ಉಚಿತ ಪ್ರಮಾಣದಲ್ಲಿ, ಕಾಲದ ಮಿತಿಯಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡುವುದು ಹಿತವೆಂಬ ನಮ್ಮ ಮತವು ಇಂದಿಗೂ ಅದೇ. ಮೂರು ತಿಂಗಳು ವಾದಿಸಿದೆವು. ಯಾರೂ ಗೆಲ್ಲಲಿಲ್ಲ. ಆದರೆ ರೋಗಿಗಳಿಗೆ ಹೇಳಬೇಕಾದ ಎಚ್ಚರಿಕೆಗಳಲ್ಲಿ ಇಬ್ಬರಿಗೂ ಒಮ್ಮತವಿದ್ದುದು ಆ ವಾದದಿಂದ ಹೊರಬಿದ್ದಿತು: ಯಕೃತ್ತಿನ ರೋಗವಿರುವವರು, ದೇಹದ ರಕ್ಷಣಾಶಕ್ತಿಯು ದೇಹದ ಮೇಲೆಯೇ ತಿರುಗಿಬೀಳುವ ಸಂಧಿವಾತದಂತಹ ರೋಗಗಳಿರುವವರು ಇದನ್ನು ತಾವಾಗಿ ಸೇವಿಸಕೂಡದು. ಸೇವಿಸುತ್ತಿರುವಾಗ ಹಸಿವು ಇಂಗಿದರೆ, ಮೂತ್ರವು ಗಾಢ ಹಳದಿಯಾದರೆ, ಕಣ್ಣು ಹಳದಿಯಾದರೆ ಆ ದಿನವೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಕಾಮಾಲೆಯೆಂದು ಹೆದರಿ ಮತ್ತಷ್ಟು ಗಿಡಮೂಲಿಕೆಯ ರಸವನ್ನು ಕುಡಿಯಬಾರದು. ಒಬ್ಬರೇ ಬರೆದಿದ್ದರೆ ಈ ಮಾತಿಗೆ ಇಷ್ಟು ಖಚಿತತೆ ಬರುತ್ತಿರಲಿಲ್ಲ.

ಇನ್ನು ಭಕ್ತರು ಮಾಡಬೇಕಾದುದೇನು? ವೈದ್ಯರು ಪರಸ್ಪರ ಮಾತನಾಡಲಿ ಬಿಡಲಿ, ನಿಮ್ಮ ಔಷಧಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿರಿ. ಮಾತ್ರೆಗಳನ್ನಷ್ಟೇ ಅಲ್ಲ, ಕಷಾಯ, ಚೂರ್ಣ, ಲೇಹ್ಯ, ಬೆಳಗಿನ ಸೊಪ್ಪಿನ ರಸ, ನೆರೆಯವರು ಕೊಟ್ಟ ಪುಡಿ ಎಲ್ಲವೂ ಅದರಲ್ಲಿರಲಿ. ಯಾವ ವೈದ್ಯರಲ್ಲಿಗೆ ಹೋದರೂ ಆ ಹಾಳೆಯನ್ನು ಮೊದಲು ಮುಂದಿಡಿರಿ. ಮಧುಮೇಹದ ಮಾತ್ರೆಯೊಡನೆ ಹಾಗಲಕಾಯಿಯ ರಸವನ್ನು ಕುಡಿಯುವವರಲ್ಲಿ ಸಕ್ಕರೆಯು ಅತಿಯಾಗಿ ಇಳಿದು ಬೆವರು, ನಡುಕ, ತಲೆಸುತ್ತು ಬರುವುದನ್ನು ನಾವು ಕಂಡಿದ್ದೇವೆ. ರಕ್ತವನ್ನು ತೆಳುವಾಗಿಸುವ ಮಾತ್ರೆಯನ್ನು ತೆಗೆದುಕೊಳ್ಳುವವರು ಅರಿಶಿನದ ಸಾರದ ಮಾತ್ರೆ, ಬೆಳ್ಳುಳ್ಳಿಯ ಕ್ಯಾಪ್ಸೂಲುಗಳನ್ನು ತಾವಾಗಿ ಸೇರಿಸಿಕೊಂಡರೆ ರಕ್ತಸ್ರಾವದ ಭಯವುಂಟು. ಅಡುಗೆಯಲ್ಲಿ ಬಳಸುವಷ್ಟಕ್ಕೆ ಅಂಜಬೇಕಾಗಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಇವುಗಳನ್ನು ಶಸ್ತ್ರವೈದ್ಯರಿಗೆ ಅವಶ್ಯವಾಗಿ ತಿಳಿಸಬೇಕು. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಸ್ವಲ್ಪ ಹೊತ್ತು ಬಿಟ್ಟು ಕಷಾಯವನ್ನು ಕುಡಿಯುವುದು ಲೇಸು. ಇಸಬಗೋಲಿಗೂ ಇತರ ಮಾತ್ರೆಗಳಿಗೂ 2 ಗಂಟೆಗಳ ಅಂತರವಿರಲಿ.

ನಮ್ಮಂತಹ ಆಯುರ್ವೇದ ವೈದ್ಯರಿಂದ ಬಚ್ಚಿಡುವ ಪ್ರವೃತ್ತಿಯೂ ಅಷ್ಟೇ ಕೆಟ್ಟದು. ಮಂಡಿನೋವಿಗೆ ತೈಲವನ್ನು ಹಚ್ಚಿಸಿಕೊಳ್ಳಲು ಬಂದವರು, ಔಷಧಿ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ವರ್ಷದಿಂದ ನುಂಗುತ್ತಿರುವುದನ್ನು ಹೇಳುವುದಿಲ್ಲ. ಅಂತಹವರ ಮೂತ್ರಪಿಂಡಗಳು ಮೊದಲೇ ದಣಿದಿರಬಹುದು. ಅದನ್ನರಿಯದೆ ನಾವು ಕೊಡುವ ಔಷಧವೂ ಅವರಿಗೆ ಹೊರೆಯಾದೀತು. ಕ್ರಿಯಾಟಿನಿನ್ ಪರೀಕ್ಷೆಯ ವರದಿಯನ್ನು ತನ್ನಿರೆಂದು ನಾವು ಕೇಳಿದಾಗ "ಆಯುರ್ವೇದದವರಿಗೆ ಅದೇಕೆ?" ಎನ್ನುವವರಿದ್ದಾರೆ. ಬೇಕು. ಆ ವರದಿಯ ಅಂಕೆಗಳನ್ನು ವಯಸ್ಸಿಗನುಗುಣವಾಗಿ ಹೇಗೆ ಓದಬೇಕೆಂಬುದನ್ನು ನಮಗೆ ಸೂಕ್ಷ್ಮವಾಗಿ ತಿಳಿಸಿದವರೂ ಇದೇ ಮಿತ್ರರು. ತೆಳ್ಳಗಿನ ಮುದುಕಿಯಲ್ಲಿ ಕ್ರಿಯಾಟಿನಿನ್ ಸಹಜವೆಂದು ಕಂಡರೂ ಮೂತ್ರಪಿಂಡದ ಶಕ್ತಿಯು ಅರ್ಧಕ್ಕಿಳಿದಿರಬಹುದೆಂಬುದನ್ನು ಅವರು ಪತ್ರದಲ್ಲಿ ಲೆಕ್ಕವನ್ನೇ ಬಿಡಿಸಿ ತೋರಿಸಿದ್ದರು. ಆ ಪತ್ರವು ನಮ್ಮ ಮೇಜಿನ ಗಾಜಿನ ಕೆಳಗಿದೆ.

ಸತ್ಯವಾದಿತ್ವ, ಅಕ್ರೋಧ, ಪ್ರಿಯವಾದಿತ್ವಗಳನ್ನು ಚರಕಾಚಾರ್ಯರು ಆಚಾರರಸಾಯನವೆಂದು ಎಣಿಸಿದ್ದಾರೆ. ಔಷಧವಿಲ್ಲದೆಯೇ ರಸಾಯನದ ಫಲವನ್ನು ಕೊಡುವ ಆಚಾರವದು. ಆಯುರ್ವೇದವನ್ನು ಒಪ್ಪದ ಒಬ್ಬರಲ್ಲಿ ಈ ರಸಾಯನವನ್ನು ನಾವು ಕಂಡಿದ್ದೇವೆ. ಹೀಗೆಂದು ಅವರಿಗೆ ಹೇಳಿದಾಗ, ರಕ್ತಪರೀಕ್ಷೆಯಲ್ಲಿ ಅದು ಕಾಣುತ್ತದೆಯೇ ಎಂದು ಕೇಳಿ ನಕ್ಕರು.

ಮಿತ್ರರೇ, ನಮ್ಮ ರೋಗಿಗಳು ನಿಮ್ಮೆದುರು ಅಂಜದೆ ಬಾಯಿ ಬಿಡುವಂತೆ ಮಾಡಿದುದಕ್ಕಾಗಿ, ನಮ್ಮ ಶಾಸ್ತ್ರವನ್ನು ಒಪ್ಪದೆಯೂ ನಮ್ಮನ್ನು ವೈದ್ಯರೆಂದು ಕರೆದುದಕ್ಕಾಗಿ, ರಾತ್ರಿ ಹನ್ನೊಂದಕ್ಕೂ ದೂರವಾಣಿಯನ್ನು ಎತ್ತಿದುದಕ್ಕಾಗಿ ಶ್ರೀಮಠದ ಈ ಪತ್ರಿಕೆಯ ಮೂಲಕ ನಿಮಗೆ ಅನಂತ ವಂದನೆಗಳು. ಲೋಹಭಸ್ಮಗಳ ವಿಷಯದಲ್ಲಿ ನೀವು ಕಳೆದ ವಾರ ಬರೆದ ಪತ್ರವನ್ನು ನಾವು ಒಪ್ಪಿಲ್ಲ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಆಕ್ಷೇಪವನ್ನು ಮೊದಲು, ನಮ್ಮ ಉತ್ತರವನ್ನು ಅನಂತರ ಅಚ್ಚು ಮಾಡಲು ಸಂಪಾದಕರು ಸಮ್ಮತಿಸಿದ್ದಾರೆ. ಎರಡು ಪುಟಗಳಿಗೆ ಮಿತಿಗೊಳಿಸಿ ಕಳುಹಿಸಬೇಕಾಗಿ ವಿನಂತಿ.